ಎಲ್ಲರೂ ನಗುವ ಜೋಕಿಗೆ ನನಗೆ ಮಾತ್ರ ಯಾಕೆ ನಗು ಬರಲ್ಲ?

ಪ್ರಶ್ನೆ: ಗೆಳೆಯರು ಹೇಳಿದರು ಅಂತ ಬ್ರಿಟನ್ನಿನ ಸ್ಟೂವರ್ಟ್ ಲೀ ಅವರ ಸ್ಟ್ಯಾಂಡ್-ಅಪ್ ಕಾಮಿಡಿ ನೋಡಿದೆ. ಇಂಗ್ಲಿಷ್ ಅರ್ಥವಾಯಿತು, ನಗು ಮಾತ್ರ ಬರಲಿಲ್ಲ. ಅದೇ ಟಿಮ್ ವೈನ್ ಅವರನ್ನು ನೋಡಿದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇನೆ. ನನ್ನ ಅಭಿರುಚಿ ಕೆಳಮಟ್ಟದ್ದು ಅಂತಾನಾ?

ಖಂಡಿತ ಅಲ್ಲ. ಟಿಮ್ ವೈನ್ ಮಾಡುವ ಕೆಲಸ ಸುಲಭದ್ದಲ್ಲ. 2004ರಲ್ಲಿ ಅವರು ಒಂದು ಗಂಟೆಯಲ್ಲಿ 499 ಜೋಕ್ ಹೇಳಿ ಗಿನ್ನೆಸ್ ದಾಖಲೆ ಮಾಡಿದರು. ಅಂದರೆ ಸುಮಾರು 7 ಸೆಕೆಂಡಿಗೆ ಒಂದು! ಅವರದ್ದು ಶ್ಲೇಷೆಯ ಹಾಸ್ಯ. ಒಂದು ಪದ ಕೇಳಿದಾಗ ಮನಸ್ಸು ಒಂದು ಅರ್ಥ ಹಿಡಿದು ಹೊರಡುತ್ತದೆ. ಅಷ್ಟರಲ್ಲಿ ಅದೇ ಪದ ಇನ್ನೊಂದು ಅರ್ಥ ಕೊಟ್ಟು ಕಾಲೆಳೆಯುತ್ತದೆ. ಮಾತಿನ ಆಟ ಸವಿದು ಬೆಳೆದ ನಮಗೆ ಅದು ತಕ್ಷಣ ಹಿಡಿಸುವುದರಲ್ಲಿ ಆಶ್ಚರ್ಯವೇನಿದೆ?

ಸ್ಟೂವರ್ಟ್ ಲೀ ಅವರ ದಾರಿಯೇ ಬೇರೆ. ಅವರು ಒಂದು ಸಾಲು ಹಿಡಿದು ಮತ್ತೆ ಮತ್ತೆ ಅದನ್ನೇ ಹೇಳುತ್ತಾರೆ. ಮೊದಲು ನಗು ಬರುತ್ತದೆ. ಆಮೇಲೆ ಬೇಜಾರು. ಆಮೇಲೆ ಸಿಟ್ಟು. ಆಮೇಲೆ, ಯಾಕೆ ಅಂತ ಗೊತ್ತಾಗದೆ, ಮತ್ತೆ ನಗು. ನಡುವೆ ನಿಲ್ಲಿಸಿ, ಈ ಕಡೆ ಕುಳಿತವರು ಸರಿಯಾಗಿ ನಗುತ್ತಿಲ್ಲ ಅಂತ ಬೈಯುತ್ತಾರೆ. ಜೋಕ್ ಹೇಗೆ ಕೆಲಸ ಮಾಡಬೇಕಿತ್ತು ಅಂತ ವಿವರಿಸುತ್ತಾರೆ. ಆ ಸಿಡುಕು ಮನುಷ್ಯ ಒಂದು ಪಾತ್ರ. ಬೈಗುಳವೂ ಪ್ರದರ್ಶನದ ಭಾಗವೇ.

ಇದನ್ನು ಸವಿಯಲು ಅವರು ಯಾವುದನ್ನು ಮುರಿಯುತ್ತಿದ್ದಾರೆ ಅಂತ ಗೊತ್ತಿರಬೇಕು. ಬ್ರಿಟನ್ನಿನಲ್ಲಿ ಮೊದಲು ಕಾರ್ಮಿಕರ ಕ್ಲಬ್ಬುಗಳಲ್ಲಿ ಸಿದ್ಧ ಜೋಕುಗಳು ಓಡುತ್ತಿದ್ದವು. ಅತ್ತೆಯ ಮೇಲೆ, ಐರಿಷ್ ಜನರ ಮೇಲೆ, ವಲಸಿಗರ ಮೇಲೆ. ಯಾರು ಬೇಕಾದರೂ ಯಾರ ಜೋಕನ್ನಾದರೂ ಹೇಳಬಹುದಿತ್ತು. 1979ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಮಿಡಿ ಸ್ಟೋರ್ ಅನ್ನುವ ಹಾಸ್ಯ ಕ್ಲಬ್ ಶುರುವಾಯಿತು. ಅಲೆಕ್ಸಿ ಸೇಲ್ ಅಲ್ಲಿ ಮೊದಲ ನಿರೂಪಕ. ಆ ಸುಮಾರಿಗೆ ಹೊಸಬರು ತಮ್ಮದೇ ಬದುಕು, ತಮ್ಮದೇ ಸಿಟ್ಟು ಹೇಳತೊಡಗಿದರು. ಲೀ ಅವರು ಆ ಅಲೆಯ ನಂತರ ಬಂದವರು. ಅವರ ಪ್ರೇಕ್ಷಕರು ಇದನ್ನೆಲ್ಲ ನೋಡುತ್ತಲೇ ಬೆಳೆದಿದ್ದಾರೆ. ರಾಗ ಗೊತ್ತಿದ್ದರೆ ತಾನೇ, ಹಾಡುಗಾರ ಬೇಕೆಂದೇ ಸ್ವರ ತಪ್ಪಿಸಿದ್ದು ತಿಳಿಯುವುದು?

ಇನ್ನೊಂದು ಅಡ್ಡಿ ಬದುಕಿನ ವಿವರಗಳದ್ದು. ಹಾಸ್ಯ ಕಲಾವಿದೆ ವಿಕ್ಟೋರಿಯಾ ವುಡ್ ಇಂಗ್ಲೆಂಡಿನ ಲ್ಯಾಂಕಾಶೈರ್‌ನವರು. 2016ರಲ್ಲಿ ತೀರಿಕೊಂಡರು. ಅಡುಗೆಮನೆ, ಬಿಸ್ಕತ್ತು, ನೆರೆಮನೆಯ ಹೆಂಗಸರ ಮಾತು, ಇವೇ ಅವರ ಸಾಮಾನು. ಅಲ್ಲಿನ ಬಿಸ್ಕತ್ತಿನ ಹೆಸರು ಕೇಳಿದ ಕೂಡಲೇ ಅಲ್ಲಿಯವರಿಗೆ ಒಂದಿಡೀ ಮನೆ ಕಣ್ಣಮುಂದೆ ಬರುತ್ತದೆ, ನಮಗೆ ಬರೀ ಬಿಸ್ಕತ್ತು. ಧಾರವಾಡದ ಮಾತಿನ ಜೋಕನ್ನು ಬೆಂಗಳೂರು ಕನ್ನಡಕ್ಕೆ ತಂದರೆ ಅರ್ಧ ಸತ್ತುಹೋಗುತ್ತದಲ್ವಾ? ಅದೇ ಕಥೆ.

ಹಾಗಾದರೆ ಎಲ್ಲರಿಗೂ ಹಿಡಿಸುವ ಜೋಕ್ ಇದೆಯೇ? ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ 2001ರಲ್ಲಿ ಇದನ್ನು ಹುಡುಕಲು ಹೊರಟರು. ಇಂಟರ್ನೆಟ್ಟಿನಲ್ಲಿ 40,000ಕ್ಕೂ ಹೆಚ್ಚು ಜೋಕ್ ಬಂದವು, ಜನರೇ ಅಂಕ ಕೊಟ್ಟರು. ಇಬ್ಬರು ಬೇಟೆಗಾರರ ಜೋಕ್ ಗೆದ್ದಿತು. ಆದರೆ ಒಂದೊಂದು ಗುಂಪನ್ನು ಬೇರೆ ಮಾಡಿ ನೋಡಿದರೆ, ಅವರಿಗೆ ಅದಕ್ಕಿಂತ ಜಾಸ್ತಿ ಹಿಡಿಸಿದ ಜೋಕುಗಳು ಬೇರೆಯೇ ಇದ್ದವು. ಗೆದ್ದದ್ದು ಎಲ್ಲರಿಗೂ ಪರವಾಗಿಲ್ಲ ಅನಿಸಿದ ಜೋಕ್, ಅಷ್ಟೇ.

ನನಗೆ ಅನಿಸುವುದು, ಜೋಕ್ ಅರ್ಧ ಭಾಗ ಮಾತ್ರ. ಇನ್ನರ್ಧ ಹೇಳುವವರ ಮೇಲಿನ ನಂಬಿಕೆ. ಇವರ ಜೊತೆ ನಗಬಹುದು ಅನ್ನುವ ಸಲಿಗೆ. ಇದು ನನಗೆ ಹೊಳೆದದ್ದು ಟಾಮಿ ಕೂಪರ್ ಅವರ ಕಥೆ ತಿಳಿದಾಗ. ಎತ್ತರದ ಆಳು, ತಲೆಯ ಮೇಲೆ ಕೆಂಪು ಟೋಪಿ. ಜಾದೂ ಮಾಡಲು ಹೋಗಿ ಎಡವಟ್ಟು ಮಾಡುವುದೇ ಅವರ ಹಾಸ್ಯ. 1984ರ ಏಪ್ರಿಲ್ 15ರಂದು ಲಂಡನ್ನಿನ ರಂಗಮಂದಿರವೊಂದರಲ್ಲಿ, ಟಿವಿಯಲ್ಲಿ ನೇರ ಪ್ರಸಾರವಾಗುತ್ತಿದ್ದಾಗಲೇ, ಅವರಿಗೆ ಹೃದಯಾಘಾತವಾಯಿತು. ಪರದೆಗೆ ಒರಗಿ ಕುಸಿದರು. ಜನ ನಕ್ಕರು. ಅದೂ ಆಟದ ಭಾಗ ಅಂದುಕೊಂಡರು. ಅವರಲ್ಲಿ ಕ್ರೌರ್ಯ ಇರಲಿಲ್ಲ. ಈ ಮನುಷ್ಯ ಏನು ಮಾಡಿದರೂ ನಮ್ಮನ್ನು ನಗಿಸಲಿಕ್ಕೇ ಅಂತ ವರ್ಷಗಟ್ಟಲೆ ನಂಬಿದ್ದರು. ನೆನೆದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಆ ನಂಬಿಕೆಗೆ ಜೊತೆಯೂ ಬೇಕು. ಅಮೆರಿಕದ ಸಂಶೋಧಕ ರಾಬರ್ಟ್ ಪ್ರೊವೈನ್ ಕಂಡುಕೊಂಡಂತೆ, ಒಬ್ಬರೇ ಇದ್ದಾಗಿಗಿಂತ ನಾಲ್ಕು ಜನರ ನಡುವೆ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ. ಆ ನಗುವಿನಲ್ಲಿ ಹೆಚ್ಚಿನದು ಜೋಕಿಗೇ ಅಲ್ಲ, ಸಾಮಾನ್ಯ ಮಾತಿಗೆ. ನೀವು ಲೀ ಅವರನ್ನು ರಾತ್ರಿ ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ನೋಡಿದಿರಾ? ನಾನು ಮೊದಲ ಸಲ ಹಾಗೇ ನೋಡಿದ್ದೆ. ನಗು ಬರಲಿಲ್ಲ. ಮುಂದೆ ತಂಗಿಯ ಜೊತೆ ಕೂತು ಅದೇ ಶೋ ನೋಡಿದೆ. ಅವಳು ಸಿಟ್ಟಾಗಿ, ಇವನೇನು ಹೇಳಿದ್ದೇ ಹೇಳ್ತಾನೆ ಅಂದಳು. ಆ ಕ್ಷಣಕ್ಕೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನನ್ನ ಮೆಚ್ಚಿನವರು ಮಾತ್ರ ಬಿಲ್ಲಿ ಕಾನಲಿ. ಗ್ಲಾಸ್ಗೋದ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು. ಕಥೆ ಶುರು ಮಾಡಿ ಎಲ್ಲೆಲ್ಲೋ ಹೋಗುತ್ತಾರೆ. ಕೊನೆ ಮುಟ್ಟುವ ಮೊದಲೇ ತಾವೇ ನಗಲು ಶುರು ಮಾಡುತ್ತಾರೆ. ಆ ದಪ್ಪ ಸ್ಕಾಟಿಷ್ ಉಚ್ಚಾರ ಅರ್ಧ ಅರ್ಥವಾಗದಿದ್ದರೂ ನಗು ತಡೆಯುವುದು ಕಷ್ಟ.

ಟಿಮ್ ವೈನ್ ಅವರನ್ನು ಧೈರ್ಯವಾಗಿ ನೋಡುತ್ತಿರಿ. ಕಾನಲಿ ಅವರನ್ನೂ ಒಮ್ಮೆ ನೋಡಿ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಲೀ ಅವರಿಗೆ ಇನ್ನೊಂದು ಅವಕಾಶ ಕೊಡುವ ಮನಸ್ಸಾದರೆ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಒಂದೇ ಸಾಲನ್ನು ಐದನೇ ಸಲ ಹೇಳಿದಾಗ ಏನನಿಸಿತು ಅಂತ ನನಗೆ ಬರೆಯಿರಿ.