ಮಂಡಿ ಸವೆತ: ಎಕ್ಸ್-ರೇ ಒಂದೇ, ಚಿಕಿತ್ಸೆ ಬೇರೆ ಬೇರೆ

ಅಸ್ಥಿಸಂಧಿವಾತದ, ಅಂದರೆ ಕೀಲು ಸವೆತದ, ಪಾಠದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಾದ ನಾವೆಲ್ಲ ಮೊದಲು ಬಾಯಿಪಾಠ ಮಾಡುವುದು 1957ರ ಕೆಲ್‌ಗ್ರೆನ್-ಲಾರೆನ್ಸ್ ಶ್ರೇಣಿಯನ್ನು: ಎಕ್ಸ್-ರೇ ನೋಡಿ ಸವೆತವನ್ನು ಅಳೆಯುವ ಕ್ರಮ, 0 (ಸವೆತವಿಲ್ಲ) ಇಂದ 4 (ತೀವ್ರ) ರವರೆಗೆ. ಪರೀಕ್ಷೆಗೆ ಅದು ಬೇಕೇ ಬೇಕು. ಆದರೆ 3ನೇ ಶ್ರೇಣಿಯ ಮಂಡಿಯಲ್ಲಿ ಆರಾಮಾಗಿ ಓಡಾಡುವವರಿದ್ದಾರೆ, 2ನೇ ಶ್ರೇಣಿಗೇ ನಿದ್ದೆಗೆಡುವವರೂ ಇದ್ದಾರೆ. ಹಾಗಾಗಿ ಬರೀ ಶ್ರೇಣಿ ನೋಡಿ ಔಷಧಿ ಚೀಟಿ ಬರೆಯಲಾಗದು.

ನಮ್ಮ ಚಿಕ್ಕಮಗಳೂರು ಕಡೆಯ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಮೂಡಿಗೆರೆ ಬಳಿ ಕಾಫಿ ಹಣ್ಣು ಕುಯ್ಯುವ ಹೆಂಗಸು: 52 ವರ್ಷ, ತೆಳ್ಳಗಿದ್ದಾರೆ, ಬೇರೆ ಕಾಯಿಲೆ ಇಲ್ಲ. ಇನ್ನೊಬ್ಬರು ಪೇಟೆಯ ಅಂಗಡಿ ಯಜಮಾನರು: 68 ವರ್ಷ, 90 ಕೆ.ಜಿ., ಶುಗರ್, ಬಿಪಿ, ಹೃದಯಕ್ಕೆ ಸ್ಟೆಂಟ್. ಇಬ್ಬರದೂ 3ನೇ ಶ್ರೇಣಿ.

ಯಜಮಾನರಿಗೆ ತೂಕವೇ ಮೊದಲ ಮಾತು. 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆ.ಜಿ. ತಗ್ಗುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿತು. ಅದೇ ಮಾತನ್ನು ಆ ಹೆಂಗಸಿಗೆ ಹೇಳಿದರೆ ಅನ್ಯಾಯ. ಅವರ ಕಷ್ಟ ಇರುವುದು ಇಳಿಜಾರಿನಲ್ಲಿ, ಉದುರಿದ ಹಣ್ಣು ಆರಿಸಲು ಕುಕ್ಕರಗಾಲಲ್ಲಿ ಕೂರುವುದರಲ್ಲಿ. "ದಿನವಿಡೀ ತೋಟದಲ್ಲಿ ನಡೀತೀನಲ್ಲ ಡಾಕ್ಟ್ರೇ, ಇನ್ನೆಂಥ ವ್ಯಾಯಾಮ?" ಎಂದು ಅವರು ಕೇಳಿದರೆ ಉತ್ತರ ಸಿದ್ಧವಿರಲಿ: ದುಡಿಮೆ ಮೈಯನ್ನು ದಣಿಸುತ್ತದೆ, ಆದರೆ ಮಂಡಿಗೆ ಆಸರೆಯಾದ ತೊಡೆಯ ಮುಂಭಾಗದ ಸ್ನಾಯುವನ್ನು ಹಂತಹಂತವಾಗಿ ಬಲಪಡಿಸುವುದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕೂತಲ್ಲೇ ಕಾಲು ನೀಟಿ ಹಿಡಿಯುವುದು, ಇಷ್ಟರಿಂದಲೇ ಶುರು ಮಾಡಬಹುದು. ಸುಗ್ಗಿ ಮುಗಿಯಲಿ ಎಂದು ಕಾಯಬಾರದು. ಕೂಲಿ ತಪ್ಪದ ಹಾಗೆ, ಸಮತಟ್ಟು ಜಾಗದ ಕೆಲಸ ಸಿಗುತ್ತದೆಯೇ ಎಂದೂ ವಿಚಾರಿಸಬೇಕು. ಇದು ಪಠ್ಯದಲ್ಲಿಲ್ಲ, ಆದರೂ ಇದೂ ಚಿಕಿತ್ಸೆಯೇ ಎಂಬುದು ನನ್ನ ನಂಬಿಕೆ.

ಔಷಧಿಯಲ್ಲಿ ಇಬ್ಬರಿಗೂ ಮೊದಲು ಡೈಕ್ಲೋಫೆನಾಕ್ ಮುಲಾಮು, ಏಕೆಂದರೆ ರಕ್ತಕ್ಕೆ ಸೇರುವುದು ಕಡಿಮೆ. ಸಾಲದಿದ್ದರೆ ಹೆಂಗಸಿಗೆ ಕೆಲವು ದಿನ ನೋವಿನ ಮಾತ್ರೆ, ಹೊಟ್ಟೆಯ ರಕ್ಷಣೆಗೆ ಜೊತೆಗೊಂದು ಮಾತ್ರೆ. ಯಜಮಾನರಿಗೆ ಆ ದಾರಿ ಮುಚ್ಚಿದೆ: ಹೃದಯ, ಮೂತ್ರಪಿಂಡ ಎರಡಕ್ಕೂ ಅಪಾಯ, ಸ್ಟೆಂಟ್‌ಗೆಂದು ನುಂಗುವ ಆಸ್ಪಿರಿನ್ ಜೊತೆಗಾದರೆ ರಕ್ತಸ್ರಾವದ ಭಯ ಬೇರೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸಬಹುದು, ಆದರೆ ಕೆಲವು ದಿನ ಶುಗರ್ ಏರುತ್ತದೆ ಎಂದು ಮೊದಲೇ ತಿಳಿಸಬೇಕು. ಪದೇ ಪದೇ ಕೊಡುವುದೂ ಬೇಡ. 2 ವರ್ಷ, 12 ವಾರಕ್ಕೊಮ್ಮೆ ಕೊಟ್ಟು ನೋಡಿದ 2017ರ ಪ್ರಯೋಗದಲ್ಲಿ ಮೃದ್ವಸ್ಥಿ (ಕೀಲಿನ ಮೂಳೆತುದಿಗಳ ಮೆತ್ತನೆಯ ಹೊದಿಕೆ) ಹೆಚ್ಚು ಸವೆಯಿತು, ನೋವಿನಲ್ಲಿ ಮಾತ್ರ ಉಪ್ಪುನೀರಿನ ಇಂಜೆಕ್ಷನ್‌ಗಿಂತ ವ್ಯತ್ಯಾಸ ಕಾಣಲಿಲ್ಲ.

ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇಲ್ಲೇ ಎಡವುತ್ತೇವೆ.