ಮೊದಲು ವೀಲಿನ ಬೆನ್ನು ನೋಡಿ

ಆಗಸ್ಟ್ ಹತ್ತಿರ ಬಂತು ಅಂದರೆ ನಮ್ಮ ವರ್ಕ್‌ಶಾಪಿನಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ತಿಂಗಳ ಮೂರನೇ ಶನಿವಾರ ಅಮೆರಿಕದ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್. 1995ರಲ್ಲಿ ಶುರುವಾದ ಹಳೇ ಕಾರುಗಳ ಜಾತ್ರೆ ಅದು. ಊರಲ್ಲಿ ತೇರಿನ ಹಿಂದಿನ ವಾರ ಗಾಲಿ ತೊಳೆದು ಎಣ್ಣೆ ಬಿಡುತ್ತಾರಲ್ಲ, ಹಾಗೆ ಇಲ್ಲಿನವರಿಗೆ ಆ ವಾರವೇ ಹೊಸ ವೀಲು ಬೇಕು. ವರ್ಷವಿಡೀ ಏನು ಮಾಡುತ್ತಿದ್ದರೋ!

ಒಂದು ವರ್ಷ ಹಾಗೆ ಬಂದವನು ಹಾಸನದ ಕಡೆಯ ಹುಡುಗ. ಇಲ್ಲೇ ಇಂಜಿನಿಯರ್. 2016ರ ಡಾಡ್ಜ್ ಚಾಲೆಂಜರ್ ಇಟ್ಟುಕೊಂಡಿದ್ದಾನೆ. ಡಿಕ್ಕಿಯಲ್ಲಿ ಎರಡು, ಹಿಂದಿನ ಸೀಟಿನಲ್ಲಿ ಎರಡು, ಒಟ್ಟು ನಾಲ್ಕು ಕಪ್ಪು ಅಲಾಯ್ ವೀಲು.

"ಅಣ್ಣಾ, ಅರ್ಧ ರೇಟಿಗೆ ಸಿಕ್ತು. ಐದೇ ನಟ್ಟು. ಮನೇಲಿ ಹಾಕಿ ನೋಡಿದೆ, ಕೂತ್ಕೊಳ್ತು. ಟೈರ್ ಏರಿಸಿ ಬ್ಯಾಲೆನ್ಸ್ ಮಾಡಿಕೊಟ್ರೆ ಸಾಕು."

ನಾನು ಒಂದು ವೀಲನ್ನು ತಿರುಗಿಸಿ ನೆಲದ ಮೇಲಿಟ್ಟೆ. ಬೆನ್ನಿನಲ್ಲಿ ಎರಕದಲ್ಲೇ ಮೂಡಿದ ಅಂಕಿ ಇತ್ತು: 5×114.3. ಅದು ಫೋರ್ಡ್ ಮಸ್ಟಾಂಗ್ ಕಾರಿನ ಅಳತೆ. ವೀಲಿನ ತೂತುಗಳಿಂದ ಹೊರಬಂದು ನಟ್ಟು ಹಿಡಿಯುವ ಕಡ್ಡಿಗಳೇ ಸ್ಟಡ್. ಐದು ಸ್ಟಡ್‌ಗಳು ನಿಂತಿರುವ ವೃತ್ತದ ವ್ಯಾಸ ಮಸ್ಟಾಂಗಿನಲ್ಲಿ 114.3 ಎಂಎಂ, ಚಾಲೆಂಜರಿನಲ್ಲಿ 115. ವ್ಯತ್ಯಾಸ 0.7 ಎಂಎಂ. ಅಂದರೆ ಒಂದೊಂದು ತೂತೂ 0.35 ಎಂಎಂ ಒಳಗಿದೆ.

ಅಷ್ಟಕ್ಕೆ ಏನಾಗುತ್ತೆ ಅಂತ ಅವನೂ ಕೇಳಿದ. ವೀಲು ಕೂರದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಕೂರುತ್ತಲ್ಲ, ಅದೇ ತೊಂದರೆ. ನಟ್ಟಿನ ಮೂತಿ ಕೋನಾಕಾರ, ತೂತಿನ ಬಾಯಿಯೂ ಹಾಗೇ. ಎರಡೂ ಸುತ್ತಲೂ ಅಂಟಿ ಕೂತರೆ ಮಾತ್ರ ಹಿಡಿತ. ಇಲ್ಲಿ ನಟ್ಟು ಒಂದೇ ಪಕ್ಕಕ್ಕೆ ಒರಗುತ್ತದೆ, ಸ್ಟಡ್ ಸಣ್ಣಗೆ ಬಾಗುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಟಕ್ ಅನ್ನುತ್ತದೆ, ನಾವು ಬಿಗಿಯಾಯಿತು ಅಂದುಕೊಳ್ಳುತ್ತೇವೆ. ಆ ಬಿಗಿಯಲ್ಲಿ ಒಂದು ಪಾಲು ಸ್ಟಡ್ ಬಗ್ಗಿಸುವುದಕ್ಕೇ ಖರ್ಚಾಗಿರುತ್ತದೆ. ಹೈವೇಯಲ್ಲಿ ಸ್ಟೀರಿಂಗ್ ನಡುಗಲು ಶುರುವಾದಾಗ ಜನ ಬ್ಯಾಲೆನ್ಸಿಂಗ್ ಸರಿ ಇಲ್ಲ ಅಂತ ನಮ್ಮ ಮೇಲೇ ಜಗಳಕ್ಕೆ ಬರುತ್ತಾರೆ.

ಇನ್ನೊಂದು ವಿಷಯ. ಅದು ಮಸ್ಟಾಂಗಿನ ಕಂಪನಿ ವೀಲೇ ಆಗಿದ್ದರೆ ಹುಡುಗ ಬಚಾವಾಗುತ್ತಿದ್ದ. ಅದರ ನಡು ತೂತು 70.5 ಎಂಎಂ. ಆ ತೂತಿನೊಳಗೆ ಕೂರುವ ಕಾರಿನ ಭಾಗವೇ ಹಬ್. ಚಾಲೆಂಜರಿನ ಹಬ್ 71.5. ಹತ್ತುತ್ತಲೇ ಇರಲಿಲ್ಲ. ಹೊರಗಿನ ವೀಲು ಮಾಡುವವರು ಹತ್ತಾರು ಕಾರಿಗೆ ಹೊಂದಲಿ ಅಂತ ನಡು ತೂತನ್ನು ದೊಡ್ಡದಾಗಿ ಕೊರೆದಿರುತ್ತಾರೆ, ಮಿಕ್ಕ ಸಂದಿಗೆ ರಿಂಗ್ ಹಾಕಿಕೊಳ್ಳಬೇಕು. ಇವನ ವೀಲಿನಲ್ಲಿ ಆ ತೂತು 73 ಎಂಎಂ. ಸಲೀಸಾಗಿ ಹತ್ತಿತು.

ಷೆವರ್ಲೆ ಕಮಾರೋ ಇರುವವರಿಗೂ ಇಂಥದ್ದೇ ಹಳ್ಳ ಇದೆ. 1967ರ ಕಮಾರೋದ ಸ್ಟಡ್ ವೃತ್ತದ ಅಳತೆ 4.75 ಇಂಚು, ಅಂದರೆ 120.65 ಎಂಎಂ. 2010ರಲ್ಲಿ ಬಂದ ಹೊಸ ಕಮಾರೋದ್ದು ಬರೀ 120. ಹೆಸರು ಒಂದೇ, ವೀಲು ಬೇರೆ. ಟೇಪ್ ಹಿಡಿದು ಅಳೆಯುತ್ತೇನೆ ಅನ್ನಬೇಡಿ. ಐದು ಸ್ಟಡ್ ಇರುವ ಹಬ್ಬಿನಲ್ಲಿ ಎದುರುಬದುರು ಸ್ಟಡ್ ಇರುವುದಿಲ್ಲ. ಪಕ್ಕಪಕ್ಕದ ಎರಡು ಸ್ಟಡ್‌ಗಳ ಮಧ್ಯೆ ಅಳೆದರೆ 114.3ಕ್ಕೆ 67.2 ಎಂಎಂ, 115ಕ್ಕೆ 67.6. ಆ ಕೂದಲೆಳೆ ಯಾವ ಟೇಪಿಗೂ ಸಿಗಲ್ಲ. ಬೆನ್ನ ಮೇಲಿನ ಅಂಕಿ ಓದಿ. ಅಂಕಿ ಇಲ್ಲದ ವೀಲು ಬಿಟ್ಟಿ ಸಿಕ್ಕರೂ ಬೇಡ.

ಅಲ್ಲೇ ಹತ್ತಿರದಲ್ಲಿ ಒಂದು ವೀಲು ಎಷ್ಟು ಭಾರ ತಡೆಯುತ್ತದೆ ಅನ್ನುವ ಅಂಕಿಯೂ ಇರುತ್ತದೆ. ಡ್ರೈವರ್ ಬಾಗಿಲ ಬದಿಯ ಸ್ಟಿಕ್ಕರಿನಲ್ಲಿ ಆಕ್ಸಲ್ಲಿಗೆ ಇಷ್ಟು ಅಂತ ಬರೆದಿರುವ ಭಾರದ ಅರ್ಧಕ್ಕಿಂತ ಅದು ಕಡಿಮೆ ಇರಬಾರದು. ಚಾಲೆಂಜರ್ ಎರಡು ಟನ್ ಹತ್ತಿರ ತೂಗುವ ಕಾರು. ಸಣ್ಣ ಕಾರಿಗೆ ಎರಕ ಹೊಯ್ದ ಅಗ್ಗದ ವೀಲು ಇದಕ್ಕಲ್ಲ.

ಇನ್ನು ಅಗಲ. ಮಸಲ್ ಕಾರಿನವರ, ಅಂದರೆ ಇಂಥ ದೊಡ್ಡ ಇಂಜಿನ್ನಿನ ಅಮೆರಿಕನ್ ಕಾರಿನವರ ದೊಡ್ಡ ಆಸೆ ಇದು: ಹಿಂದಿನ ಟೈರು ಮಡ್‌ಗಾರ್ಡ್ ತುಂಬಿಕೊಂಡು ನಿಲ್ಲಬೇಕು. ನನಗೂ ಆಸೆಯೇ. ಆದರೆ ವೀಲು ಎಷ್ಟು ಅಗಲ ಅನ್ನುವುದಕ್ಕಿಂತ ಆ ಅಗಲದಲ್ಲಿ ಒಳಗೆ ಎಷ್ಟು ಹೋಗುತ್ತೆ, ಹೊರಗೆ ಎಷ್ಟು ಬರುತ್ತೆ ಅನ್ನುವುದು ಮುಖ್ಯ. ಇಲ್ಲಿನ ಹಳಬರು ಇದನ್ನು ಬ್ಯಾಕ್‌ಸ್ಪೇಸಿಂಗ್ ಅಂತ ಇಂಚಿನಲ್ಲಿ ಹೇಳುತ್ತಾರೆ. ಹೊಸ ಕ್ಯಾಟಲಾಗುಗಳು ಆಫ್‌ಸೆಟ್ ಅಂತ ಎಂಎಂನಲ್ಲಿ ಹೇಳುತ್ತವೆ. ಎರಡೂ ಹೇಳುವುದು ಒಂದೇ ವಿಷಯ, ಅಳೆಯುವ ಜಾಗ ಬೇರೆ: ಬ್ಯಾಕ್‌ಸ್ಪೇಸಿಂಗ್ ವೀಲಿನ ಒಳ ಅಂಚಿನಿಂದ, ಆಫ್‌ಸೆಟ್ ವೀಲಿನ ಅಗಲದ ನಡುವಿನಿಂದ.

ಅಳೆಯುವುದು ಸುಲಭ. ಹಳೇ ಕಂಬಳಿ ಹಾಸಿ ವೀಲನ್ನು ಬೋರಲು ಮಲಗಿಸಿ. ಬೆನ್ನಿನ ಅಂಚಿನಿಂದ ಅಂಚಿಗೆ ನೇರವಾದ ಪಟ್ಟಿ ಇಡಿ. ಪಟ್ಟಿಯಿಂದ ಕೆಳಗೆ, ಹಬ್ಬಿಗೆ ತಾಗುವ ಮುಖದವರೆಗೆ ಎಷ್ಟು ಇಂಚು? ಅದೇ ಬ್ಯಾಕ್‌ಸ್ಪೇಸಿಂಗ್. 8 ಇಂಚಿನ ವೀಲು ಅಂದರೆ ಟೈರು ಕೂರುವ ಜಾಗ 8. ಎರಡು ಕಡೆ ಅಂಚು ಸೇರಿ ಒಟ್ಟು 9. ಅರ್ಧ ನಾಲ್ಕೂವರೆ. ಬ್ಯಾಕ್‌ಸ್ಪೇಸಿಂಗ್ ನಾಲ್ಕೂವರೆ ಬಂದರೆ ಆಫ್‌ಸೆಟ್ ಸೊನ್ನೆ. ನಾಲ್ಕೂಮುಕ್ಕಾಲು ಬಂದರೆ ಕಾಲು ಇಂಚು ಒಳಗೆ ಸರಿಯಿತು, ಅಂದರೆ ಪ್ಲಸ್ 6 ಎಂಎಂ.

ಇದನ್ನೆಲ್ಲ ಲೆಕ್ಕ ಹಾಕಿ ಬಂದವರೂ ಎಡವುವುದನ್ನು ನೋಡಿದ್ದೇನೆ. 1969ರ ಕಮಾರೋ ಇರುವ ಒಬ್ಬ ಅಜ್ಜ ಇದ್ದಾರೆ. ನಲವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ದುಡಿದವರು, ಅಳತೆ ಅಂದರೆ ಅಳತೆ. ಹಿಂದಕ್ಕೆ 9 ಇಂಚಿನ ವೀಲು ಬೇಕು ಅಂತ ಬಲಗಡೆ ಅಳೆದು ತರಿಸಿದರು. ಬಲಗಡೆ ಹೇಳಿ ಮಾಡಿಸಿದ ಹಾಗೆ ಕೂತಿತು. ಎಡಗಡೆ ಟೈರು ಮಡ್‌ಗಾರ್ಡಿನ ತುಟಿಗೆ ಉಜ್ಜಿತು. ಆ ಕಾಲದ ಕಾರುಗಳಲ್ಲಿ ಬಾಡಿ ಆಕ್ಸಲ್ ಮೇಲೆ ಸರಿಯಾಗಿ ನಡುವೆ ಕೂತಿರುವುದೇ ಅಪರೂಪ. ಕಾಲು ಇಂಚು ಆಚೀಚೆ ಮಾಮೂಲು. "ಆ ಕಾಲು ಇಂಚು ಬಿಟ್ಟಿದ್ದು ನಾನೇ ಇರಬಹುದು" ಅಂತ ಅಜ್ಜ ನಕ್ಕರು.

ಹಾಗಾಗಿ ಎರಡೂ ಕಡೆ ಅಳೆಯಿರಿ, ಕಾರು ತನ್ನ ಭಾರದ ಮೇಲೆ ನಿಂತಿರುವಾಗಲೇ ಅಳೆಯಿರಿ. ಜ್ಯಾಕನ್ನು ಕಾರಿನ ಬಾಡಿಯ ಕೆಳಗೆ ಕೊಟ್ಟರೆ ಆಕ್ಸಲ್ ಕೆಳಗೆ ಜೋತು ಬೀಳುತ್ತದೆ, ಅಳತೆ ಸುಳ್ಳಾಗುತ್ತದೆ. ಆಕ್ಸಲ್ ಕೆಳಗೇ ಸ್ಟ್ಯಾಂಡ್ ಕೊಡಿ. ಹಿಂದೆ ಪಟ್ಟಿ ಸ್ಪ್ರಿಂಗ್ ಇರುವ ಕಾರು ತಿರುವಿನಲ್ಲಿ ಪಕ್ಕಕ್ಕೂ ವಾಲುತ್ತದೆ. ನಾನು ಸ್ಪ್ರಿಂಗಿನ ಕಡೆ ಅರ್ಧ ಇಂಚು ಬಿಡದೆ ಟೈರು ಹಾಕಲ್ಲ. ಮುಂದಿನ ವೀಲಿಗೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಲೇಬೇಕು. ನಿಂತಾಗ ತಾಗದ ಟೈರು ಪಾರ್ಕಿಂಗಿನಲ್ಲಿ ಪೂರ್ತಿ ತಿರುಗಿಸಿದಾಗ ತಾಗುತ್ತದೆ. ಯಾರಾದರೂ ಹಳೇ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಿದ್ದರೆ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರಿಗೆ ವೀಲು ತಾಗುತ್ತದೋ ಅಂತಲೂ ನೋಡಿ. ಡಿಸ್ಕ್ ಬ್ರೇಕಿನ ಕಿಟ್ ಎಷ್ಟೋ ಸಲ ವೀಲನ್ನೇ ಹೊರಗೆ ತಳ್ಳಿರುತ್ತದೆ.

ಎತ್ತರದ ಬಗ್ಗೆ ನನ್ನ ಅಭಿಪ್ರಾಯ ಕೇಳುವವರು ಕಡಿಮೆ, ಆದರೂ ಹೇಳುತ್ತೇನೆ. 60ರ ದಶಕದ ಕಾರಿಗೆ 20 ಇಂಚಿನ ವೀಲು ಹಾಕಿದರೆ ಅದು ಎತ್ತಿನ ಗಾಡಿ ಹಾಗೆ ಕಾಣುತ್ತದೆ. ಐದು ಕಡ್ಡಿಯ ಟಾರ್ಕ್ ಥ್ರಸ್ಟ್ ಆಗಲಿ, ಮಿರಮಿರ ಮಿಂಚುವ ಕ್ರೇಗರ್ ಎಸ್‌ಎಸ್ ಆಗಲಿ, ಈ ಹೆಸರಾಂತ ವೀಲುಗಳೆಲ್ಲ ಆ ಕಾಲದ ಸಣ್ಣ ಅಳತೆಗೆ ಹುಟ್ಟಿದ ರೂಪ. 15ರಲ್ಲಿ ಚಂದ. ಒಳ್ಳೇ ಬ್ರೇಕು, ಒಳ್ಳೇ ಟೈರು ಬೇಕು ಅಂದರೆ 17. ಮೇಲಾಗಿ ಮಿಶಿಗನ್ ರಸ್ತೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಕರಗಿ ರಸ್ತೆ ಬಾಯಿ ಬಿಟ್ಟಿರುತ್ತದೆ. ತೆಳು ಟೈರಿನ ದೊಡ್ಡ ರಿಮ್ ಒಂದೇ ಗುಂಡಿಗೆ ಬಾಗುತ್ತದೆ. ಟೈರಿನ ಒಟ್ಟು ಎತ್ತರ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. 225/70 ಆರ್ 14 ಟೈರು 671 ಎಂಎಂ ಎತ್ತರ, 245/45 ಆರ್ 17 ಟೈರು 652. ಮುಳ್ಳು 100 ತೋರಿಸಿದಾಗ ನೀವು ಹೋಗುತ್ತಿರುವುದು 97ರಲ್ಲಿ.

ಕೊನೆಗೆ ನಟ್ಟು. ನಾನು ಮರ್ಯಾದೆ ಕಳೆದುಕೊಂಡಿದ್ದು ಇದರಲ್ಲೇ. ಕೆಲಸಕ್ಕೆ ಸೇರಿದ ಹೊಸತು. 1968ರ ಡಾಡ್ಜ್ ಚಾರ್ಜರ್ ಬಂತು. ಬಲಗಡೆಯ ಎರಡು ವೀಲು ಬಿಚ್ಚಿ ಎಡಗಡೆಗೆ ಬಂದೆ. ನಟ್ಟು ಅಲ್ಲಾಡಲಿಲ್ಲ. ತುಕ್ಕು ಹಿಡಿದಿದೆ ಅಂತ ನಟ್ಟು ಬಿಚ್ಚುವ ಗನ್ ಒತ್ತಿ ಹಿಡಿದೆ. ಪಟ್ ಅಂತ ಒಂದು ಸ್ಟಡ್ ಹೋಯಿತು. ಬುದ್ಧಿ ಬರಲಿಲ್ಲ, ಎರಡನೆಯದಕ್ಕೂ ಹಾಗೇ ಮಾಡಿದೆ. ಯಜಮಾನರು ಬಂದು ಮಿಕ್ಕ ಸ್ಟಡ್ಡಿನ ತುದಿ ಒರೆಸಿ ತೋರಿಸಿದರು. ಸಣ್ಣದಾಗಿ ಎಲ್ ಅಕ್ಷರ. ಆ ಕಾಲದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ (ಡಾಡ್ಜ್ ಕೂಡ ಅದರದ್ದೇ) ಎಡಗಡೆ ನಟ್ಟು ಉಲ್ಟಾ ಥ್ರೆಡ್ಡು. ನಾನು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಿದ್ದೆ.

ಸ್ಟೀಲ್ ವೀಲಿನ ಹಳೇ ನಟ್ಟನ್ನು ಅಲಾಯ್‌ಗೆ ಹಾಕಬೇಡಿ. ಕೆಲವು ಅಲಾಯ್‌ಗೆ ಕೋನದ ಮೂತಿ, ಕೆಲವಕ್ಕೆ ಕೊಳವೆ ಹಾಗೆ ಒಳಗಿಳಿಯುವ ನಟ್ಟು ಮತ್ತು ವಾಷರ್. ಅಲಾಯ್ ದಪ್ಪ, ಹಳೇ ಸ್ಟಡ್ ಗಿಡ್ಡ. ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ಟಿನೊಳಗೆ ಹೋಗಬೇಕು. ಎಂಟು ಸಿಲಿಂಡರಿನ ಹಳೇ ಮಸ್ಟಾಂಗಿನ ಅರ್ಧ ಇಂಚಿನ ಸ್ಟಡ್ಡಿನಲ್ಲಿ ಇಂಚಿಗೆ 20 ಸುತ್ತು, ಹಾಗಾಗಿ 10 ಸುತ್ತು ಬರಬೇಕು. ಆರಕ್ಕೇ ನಿಂತರೆ ಉದ್ದ ಸ್ಟಡ್ ಹಾಕಿಸಿ. ಈ ಕಾರಣಕ್ಕೇ ಹಬ್ಬಿಗೂ ವೀಲಿಗೂ ನಡುವೆ ಇಡುವ ತೆಳು ಸ್ಪೇಸರ್ ಬಿಲ್ಲೆಗಳು ನನಗೆ ಆಗಲ್ಲ, ಇರುವ ಥ್ರೆಡ್ಡನ್ನೂ ತಿನ್ನುತ್ತವೆ.

ಬಿಗಿ ಕಾರಿನಿಂದ ಕಾರಿಗೆ ಬೇರೆ. 2015ರ ನಂತರದ ಮಸ್ಟಾಂಗಿಗೆ 204 ನ್ಯೂಟನ್ ಮೀಟರ್. ಹಳೇ ಅರ್ಧ ಇಂಚಿನ ಸ್ಟಡ್ಡಿಗೆ ಅದರ ಅರ್ಧದಷ್ಟೇ. ಹಬ್ಬಿನ ತುಕ್ಕು ಉಜ್ಜಿ ತೆಗೆದು, ಒಂದು ಬಿಟ್ಟು ಒಂದು ನಟ್ಟು ಬಿಗಿ ಮಾಡುತ್ತಾ ಬನ್ನಿ. 100 ಕಿಲೋಮೀಟರ್ ಓಡಿಸಿ ವಾಪಸ್ ಬನ್ನಿ ಅನ್ನುತ್ತೇನೆ. ಹತ್ತರಲ್ಲಿ ಎಂಟು ಜನ ಬರಲ್ಲ. ನಮ್ಮಜ್ಜ ಗಾಡಿ ಹೂಡುವ ಮುಂಚೆ ಪ್ರತಿ ದಿನ ಕಡಾಣಿ ಮುಟ್ಟಿ ನೋಡುತ್ತಿದ್ದರು, ನಿನ್ನೆ ತಾನೇ ನೋಡಿದ್ದರೂ.

ಚಾಲೆಂಜರ್ ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಆ ನಾಲ್ಕನ್ನೂ ಮಸ್ಟಾಂಗ್ ಇರುವ ಸ್ನೇಹಿತನಿಗೆ ದಾಟಿಸಿ, 115ರ ವೀಲು ತಂದ. ಹಾಕಿಕೊಟ್ಟೆ. ಗುರುವಾರ ಸಂಜೆ ಹೇಳಿದ ಹಾಗೆ ವಾಪಸ್ ಬಂದ. ರೆಂಚ್ ಹಾಕಿದೆ. ಇಪ್ಪತ್ತು ನಟ್ಟಿನಲ್ಲಿ ಮೂರು ಇನ್ನೂ ಒಂಚೂರು ತಿರುಗಿದವು. ಕ್ರೂಸಿಗೆ ಎರಡು ದಿನ ಇತ್ತು.