ಡೈಲಾಗ್ ಬಾಕ್ಸ್ ಮರುಬಳಕೆ: ಸಿಕ್ಕು ಬೆಳೆದು ಬಂದ ಬಗೆ

ಬಳಕೆದಾರರಿಂದ ಮಾಹಿತಿ ಕೇಳಲು ತಂತ್ರಾಂಶ ತೆರೆಯುವ ಪುಟ್ಟ ಕಿಟಕಿಯೇ ಡೈಲಾಗ್ ಬಾಕ್ಸ್. ಒಮ್ಮೆ ಬರೆದ ಡೈಲಾಗ್ ಬಾಕ್ಸನ್ನು ಬೇರೆ ತಂತ್ರಾಂಶದಲ್ಲೂ ಬಳಸುವುದು ಹೇಗೆ ಎಂಬ ಚರ್ಚೆ ಡೆಸ್ಕ್‌ಟಾಪ್ ಪ್ರೋಗ್ರಾಮರ್‌ಗಳಲ್ಲಿ ಇನ್ನೂ ಮುಗಿದಿಲ್ಲ. ಮರುಬಳಕೆಯಾಗಬೇಕಾದದ್ದು ಅದರ ರೂಪವೋ, ಅದು ಮಾಡಿಕೊಡುವ ಕೆಲಸವೋ ಎಂಬುದು ಒಂದೊಂದು ಕಾಲಕ್ಕೆ ಒಂದೊಂದು ರೀತಿ ತೀರ್ಮಾನವಾದದ್ದೇ ಇದಕ್ಕೆ ಮೂಲ.

1984ರ ಮ್ಯಾಕಿಂಟಾಷ್ ಫೈಲ್ ಆರಿಸುವ ಡೈಲಾಗನ್ನು ತಾನೇ ಒದಗಿಸಿತ್ತು. ವಿಂಡೋಸ್‌ಗೆ ಅದು ದಕ್ಕಿದ್ದು 1992ರ 3.1 ಆವೃತ್ತಿಯ ಕಾಮನ್ ಡೈಲಾಗ್ ಲೈಬ್ರರಿಯಿಂದ, ಅಂದರೆ ಎಲ್ಲ ತಂತ್ರಾಂಶಗಳೂ ಬಳಸಬಹುದಾದ ಸಿದ್ಧ ಡೈಲಾಗ್‌ಗಳ ಸಂಗ್ರಹದಿಂದ. ಯಾವ ಬಗೆಯ ಫೈಲ್ ಬೇಕು, ಯಾವ ಡೈರೆಕ್ಟರಿಯಿಂದ ಆರಂಭಿಸಬೇಕು ಎಂಬ ವಿವರಗಳನ್ನು ಒಂದು ಸ್ಟ್ರಕ್ಚರ್‌ನಲ್ಲಿ (ಮಾಹಿತಿಯ ಕಟ್ಟಿನಲ್ಲಿ) ತುಂಬಿ ತಂತ್ರಾಂಶ ಡೈಲಾಗನ್ನು ಕರೆದರೆ, ಆರಿಸಿದ ಫೈಲಿನ ಹೆಸರೋ ಬಳಕೆದಾರರು ರದ್ದು ಮಾಡಿದ ಸೂಚನೆಯೋ ಮರಳುತ್ತಿತ್ತು. ಕರೆದವರು ಯಾರೆಂಬುದು ಡೈಲಾಗ್‌ಗೆ ಬೇಕಿರಲಿಲ್ಲ. ಮರುಬಳಕೆಯ ತಿರುಳೆಲ್ಲ ಈ ಅಜ್ಞಾತತೆಯಲ್ಲೇ ಇತ್ತು. ಅದೇ ಲೈಬ್ರರಿ ಹುಕ್‌ಗಳ (ಡೈಲಾಗ್‌ನ ನಡೆಗೆ ತಂತ್ರಾಂಶ ತನ್ನದೇ ಕೋಡ್ ಜೋಡಿಸುವ ಕೊಂಡಿಗಳ) ಮೂಲಕ ಡೈಲಾಗ್‌ನ ಒಳಗೆ ಕೈಯಾಡಿಸಲೂ ಅವಕಾಶ ಕೊಟ್ಟಿತು. ಮುಂದೆ ವಿಂಡೋಸ್ ವಿಸ್ಟಾದಲ್ಲಿ ಹೊಸ ಡೈಲಾಗ್ ಬಂದಾಗ, ಹುಕ್ ಬಳಸಿದ್ದ ತಂತ್ರಾಂಶಗಳು ಹಳೆಯ ರೂಪದಲ್ಲೇ ಉಳಿದುಬಿಟ್ಟವು.

ಡೈಲಾಗ್ ಮತ್ತು ಅದನ್ನು ಕರೆದ ತಂತ್ರಾಂಶ ಹೀಗೆ ಒಂದಕ್ಕೊಂದು ಹೆಣೆದುಕೊಳ್ಳುವ ಸಿಕ್ಕು ಬಿಗಿಯಾದದ್ದು 1991ರಲ್ಲಿ ಬಂದ ವಿಷುವಲ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಸಾಧನದ ಕಾಲದಲ್ಲಿ. ಅಲ್ಲಿ ಯಾವುದೇ ಫಾರ್ಮನ್ನು (ತಂತ್ರಾಂಶದ ಕಿಟಕಿಯನ್ನು) ಎಲ್ಲಿಂದಲಾದರೂ ಹೆಸರು ಹಿಡಿದು ಕರೆಯಬಹುದಿತ್ತು. ಆದ್ದರಿಂದ ವಿಳಾಸ ತುಂಬುವ ಡೈಲಾಗ್‌ನ ಓಕೆ ಬಟನ್ ಅಡಿಯಲ್ಲಿ, ಮುಖ್ಯ ಫಾರ್ಮಿನ ಪಠ್ಯಪೆಟ್ಟಿಗೆಗೆ ನೇರವಾಗಿ ಆ ಮಾಹಿತಿಯನ್ನು ಬರೆಯುವ ಒಂದು ಸಾಲು ಸಲೀಸಾಗಿ ಸೇರುತ್ತಿತ್ತು. ಆ ಸಾಲು ಸೇರಿದ ಕ್ಷಣದಿಂದ, ಅದೇ ಡೈಲಾಗನ್ನು ಮತ್ತೊಂದು ಪ್ರಾಜೆಕ್ಟ್‌ಗೆ ಒಯ್ಯಬೇಕೆಂದರೆ ಮುಖ್ಯ ಫಾರ್ಮನ್ನೂ ಜೊತೆಗೆ ಹೊತ್ತೊಯ್ಯಬೇಕಾಗುತ್ತಿತ್ತು. ಇಂಥದೇ ಮತ್ತೊಂದು ಸಾಧನವಾದ 1996ರ ಡೆಲ್ಫಿ 2 ಫಾರ್ಮ್‌ಗಳಿಗೆ ಆನುವಂಶಿಕತೆ (ಒಂದು ಮೂಲ ಫಾರ್ಮಿನಿಂದ ಮರಿ ಫಾರ್ಮ್‌ಗಳನ್ನು ಪಡೆಯುವ ಅನುಕೂಲ) ತಂದಿತಾದರೂ ಅದು ಹಂಚಿದ್ದು ಹೆಚ್ಚಾಗಿ ರೂಪವನ್ನೇ; ಮೂಲ ಡೈಲಾಗ್‌ನಲ್ಲಿ ಬಟನ್ ಸರಿಸಿದರೆ ಮರಿ ಡೈಲಾಗ್‌ಗಳಲ್ಲೆಲ್ಲ ಅದು ಸರಿಯುತ್ತಿತ್ತು.

ರೂಪವನ್ನೇ ನೆಚ್ಚಿದ್ದರ ಬೆಲೆ ಅನುವಾದದಲ್ಲೂ ಕಾಣುತ್ತದೆ. ಇಂಗ್ಲಿಷ್ ಪದಗಳ ಅಳತೆಗೆ ಎತ್ತರ ನಿಗದಿಪಡಿಸಿದ ಲೇಬಲ್‌ನಲ್ಲಿ ಕನ್ನಡ ಬಂದಾಗ ಒತ್ತಕ್ಷರಗಳ ತಳ ಕತ್ತರಿಸಿಹೋಗುತ್ತದೆ.

ಮೈಕ್ರೋಸಾಫ್ಟ್‌ನ 2002ರ ಡಾಟ್‌ನೆಟ್ ಫಾರ್ಮ್‌ಗಳು, ಆಮೇಲೆ ಅದರದೇ ಕಿಟಕಿ ಕಟ್ಟುವ ಸಾಧನವಾದ ಡಬ್ಲ್ಯೂಪಿಎಫ್ ಬಳಗದ ಡೈಲಾಗ್ ಸರ್ವಿಸ್ ಪದ್ಧತಿ (ಡೈಲಾಗ್ ತೆರೆಯುವ ಕೆಲಸವನ್ನು ಬೇರೆಯೇ ಒಂದು ಭಾಗಕ್ಕೆ ಒಪ್ಪಿಸುವುದು) ಮತ್ತೆ ಮಾಹಿತಿ ಕೊಟ್ಟು ಫಲಿತಾಂಶ ಪಡೆಯುವ ದಾರಿಗೇ ಮರಳಿದವು. ತಂತ್ರಾಂಶಗಳನ್ನು ಪ್ರತ್ಯೇಕ ಆವರಣದಲ್ಲಿಟ್ಟು ಓಡಿಸುವ ಲಿನಕ್ಸ್‌ನ ಫ್ಲ್ಯಾಟ್‌ಪ್ಯಾಕ್ ಇನ್ನೂ ಮುಂದೆ ಹೋಗಿದೆ: ಅಲ್ಲಿ ಪೋರ್ಟಲ್ ಎಂಬ ಮಧ್ಯವರ್ತಿಯ ಮೂಲಕ ಬರುವ ಫೈಲ್ ಡೈಲಾಗ್ ತಂತ್ರಾಂಶದ ಆವರಣದ ಹೊರಗೇ ಓಡುತ್ತದೆ, ಬಳಕೆದಾರರು ಆರಿಸಿದ ಫೈಲಿಗೆ ಮಾತ್ರ ಪ್ರವೇಶ ಕೊಡುತ್ತದೆ.